ನೆಂಟರಿಗೆ ಮೈಸೂರು ತೋರಿಸುವ ಬಗೆ

ದಸರಾ ಸಮೀಪಿಸಿತೆಂದರೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಇದ್ದಕ್ಕಿದ್ದಂತೆ ಮಾರ್ಗದರ್ಶಕರಾಗಿಬಿಡುತ್ತಾರೆ. ಹುಣಸೂರಿನಿಂದ ಚಿಕ್ಕಪ್ಪನ ಮನೆಯವರು, ದಾವಣಗೆರೆಯಿಂದ ಭಾವನ ಕಡೆಯವರು, ಎಂದೋ ಒಂದು ಮದುವೆಯಲ್ಲಿ ಕಂಡು ಮರೆತುಹೋದ ಇನ್ನಾರೋ ಒಬ್ಬರು, ಎಲ್ಲರಿಗೂ ಮೈಸೂರಿನಲ್ಲಿ ತಮಗೊಂದು ಮನೆಯಿದೆಯೆಂಬುದು ಆಗಲೇ ಜ್ಞಾಪಕಕ್ಕೆ ಬರುತ್ತದೆ. ಬಂದವರಿಗೆ ಊರು ತೋರಿಸುವ ಹೊಣೆ ಮನೆಯಲ್ಲಿ ಓದುತ್ತಿರುವವರ ಮೇಲೆ ಬೀಳುತ್ತದೆ. ಓದುವವರಿಗೆ ಬೇರೆ ಕೆಲಸವಿಲ್ಲವೆಂಬುದು ಎಲ್ಲ ಮನೆಗಳಲ್ಲಿಯೂ ಒಪ್ಪಿಕೊಂಡ ಸಂಗತಿಯಷ್ಟೆ.

ಹೀಗೆ ತೋರಿಸುವವರು ಅನುಸರಿಸುವ ಕ್ರಮ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಅರಮನೆ, ಅನಂತರ ಮೃಗಾಲಯ, ಮಧ್ಯಾಹ್ನ ಚಾಮುಂಡಿಬೆಟ್ಟ, ಸಂಜೆ ಕನ್ನಂಬಾಡಿಯ ಬೃಂದಾವನ. ಇವುಗಳ ನಡುವೆ ಎಲ್ಲಿಯೋ ಒಂದು ಅಂಗಡಿಯ ಮುಂದೆ ಆಟೋ ನಿಲ್ಲುತ್ತದೆ. 'ಏನಾದರೂ ತೊಗೊಳ್ಳೋದಿದ್ರೆ ಹತ್ತು ನಿಮಿಷದಲ್ಲಿ ತೊಗೊಂಡ್ಬನ್ನಿ' ಎಂದು ಅಪ್ಪಣೆಯಾಗುತ್ತದೆ. ನೋಡುವುದು ಒಂದು ಕೆಲಸ, ಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ಘನವಾದದ್ದು, ಎರಡನೆಯದು ಹೆಂಗಸರ ಉಪದ್ರವ. ಹೀಗೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನಡೆದುಕೊಳ್ಳುವುದು ಹೀಗೆಯೇ. ಬೇರೆ ಊರುಗಳ ಮಾತು ಹೇಗೋ, ಮೈಸೂರಿನ ಮಟ್ಟಿಗಂತೂ ಈ ವಿಂಗಡಣೆಯೇ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ನೋಡತಕ್ಕದ್ದೂ ಕೊಳ್ಳತಕ್ಕದ್ದೂ ಒಂದೇ ಜಾಗದಲ್ಲಿ ಇವೆ. ಆ ಜಾಗವನ್ನು ನಾವು ನೆಂಟರಿಗೆ ತೋರಿಸುತ್ತಿಲ್ಲ. ನಾವೂ ಸರಿಯಾಗಿ ನೋಡುತ್ತಿಲ್ಲ. ನೋಡದೆ ಇದ್ದರೆ ಅದು ಹೆಚ್ಚು ಕಾಲ ಇರುವಂತೆಯೂ ಕಾಣುವುದಿಲ್ಲ.

ಯೋಚಿಸಿ ನೋಡಿ. ಊರಿನ ಹೆಸರನ್ನು ತಲೆಯ ಮೇಲೆ ಹೊತ್ತ ಪದಾರ್ಥಗಳು ನಮ್ಮಲ್ಲಿ ಎಷ್ಟು! ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ಪಾಕು, ಮೈಸೂರು ಪೇಟ, ಮೈಸೂರು ಅಗರಬತ್ತಿ, ಮೈಸೂರು ಸ್ಯಾಂಡಲ್ ಸೋಪು. ಕಡೆಯದನ್ನು ಮಾಡುವ ಸರ್ಕಾರಿ ಕಾರ್ಖಾನೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಹೆಸರು ಮಾತ್ರ ನಮ್ಮದು. ಆದರೆ ಅದರ ಪ್ರಾಣವಾದ ಗಂಧದೆಣ್ಣೆಯನ್ನು ತೆಗೆಯುವ ಕಾರ್ಖಾನೆ 1917ರಲ್ಲಿ ಇಲ್ಲಿಯೇ ಆರಂಭವಾಯಿತು, ಆದ್ದರಿಂದ ಬೆಂಗಳೂರಿನವರೊಡನೆ ಜಗಳಕ್ಕೆ ಹೋಗಬೇಕಾದುದಿಲ್ಲ. ಈ ಪದಾರ್ಥಗಳಲ್ಲಿ ಹಲವಕ್ಕೆ ಭೌಗೋಳಿಕ ಸೂಚಕವೆಂಬ ಸರ್ಕಾರದ ಮುದ್ರೆಯೂ ಬಿದ್ದಿದೆ. ನಂಜನಗೂಡಿನ ರಸಬಾಳೆಗೆ, ಅಷ್ಟೇ ಏಕೆ, ನಮ್ಮ ಈರನಗೆರೆ ಬದನೆಕಾಯಿಗೂ ಆ ಗೌರವ ಸಂದಿದೆ. ಬದನೆಕಾಯಿಗೆ ಸಂದ ಈ ಮಾನ ಊರಿನಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ.

ಅರಮನೆಯನ್ನು ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಕಾಲದಲ್ಲಿ, ಬೆಂಕಿಗೆ ತುತ್ತಾಯಿತು. ಹೆನ್ರಿ ಇರ್ವಿನ್ ಎಂಬಾತನ ನಕ್ಷೆಯಂತೆ ಈಗಿನ ಕಟ್ಟಡ ಎದ್ದು 1912ರಲ್ಲಿ ಮುಗಿಯಿತು. ವೆಚ್ಚ 41 ಲಕ್ಷ ರೂಪಾಯಿಗೂ ಮಿಗಿಲು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಿಂದ ಹಡಗೇರಿ ಬಂದವು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಸುಮಾರು ಒಂದು ಲಕ್ಷ ದೀಪ ಒಮ್ಮೆಗೇ ಹತ್ತಿದಾಗ ನೆರೆದವರೆಲ್ಲ 'ಹಾ' ಎನ್ನುವ ಶಬ್ದವನ್ನು ಕೇಳುವುದಕ್ಕಾದರೂ ಹೋಗಬಹುದು. ಆದರೆ ಅರಮನೆ ಮುಗಿದುಹೋದ ಕೆಲಸ. ಅಲ್ಲಿ ಇಂದು ಹೊಸದಾಗಿ ಏನೂ ನಡೆಯುವುದಿಲ್ಲ. ಹಗ್ಗದ ಆಚೆಗೆ ವಸ್ತುಗಳು, ಈಚೆಗೆ ನಾವು. ಮುಟ್ಟಬಾರದು, ನಿಲ್ಲಬಾರದು, ಮುಂದಕ್ಕೆ ನಡೆಯಬೇಕು. ಹಿಂದಿನವರು ತಳ್ಳುತ್ತಾರೆಂದು ಮುಂದಿನವರು ನೋಡುವ ಈ ನೋಟಕ್ಕೆ ಎರಡು ಗಂಟೆ ಸಾಕು.

ಆದ್ದರಿಂದ ನೆಂಟರನ್ನು ಮೊಟ್ಟಮೊದಲು ದೇವರಾಜ ಮಾರ್ಕೆಟ್ಟಿಗೆ ಕರೆದೊಯ್ಯಿರಿ. ಹತ್ತು ಗಂಟೆಗಲ್ಲ, ಬೆಳಿಗ್ಗೆ ಆರೂವರೆಗೆ. ಹಾಸಿಗೆಯಿಂದ ಎಬ್ಬಿಸಿದ್ದಕ್ಕೆ ಮೊದಲು ಬೈಯುತ್ತಾರೆ, ಆಮೇಲೆ ಅವರೇ ಮನೆಗೆ ಹೊರಡುವುದಿಲ್ಲ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕರೆ ಒಳ್ಳೆಯದು. ವೈಸರಾಯ್ ಡಫರಿನ್ ಬಂದುದರ ನೆನಪಿಗೆ 1886ರಲ್ಲಿ ಎತ್ತಿದ ಗೋಪುರ ಅದು. ಸ್ವಲ್ಪ ದೂರದಲ್ಲಿ ಪುರಭವನದ ಬಳಿಯಿರುವ ದೊಡ್ಡ ಗಡಿಯಾರ 1927ರದು, ನಾಲ್ವಡಿ ಕೃಷ್ಣರಾಜ ಒಡೆಯರ ಬೆಳ್ಳಿಹಬ್ಬದ್ದು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಕನ್ನಡದ ಅಂಕಿ ಓದಲು ಬಾರದ ಪದವೀಧರರನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಸ್ಥಳವಿಲ್ಲ.

ಮಾರ್ಕೆಟ್ಟು ಇರುವ ಜಾಗದಲ್ಲಿ ಮೊದಲು ವಾರದ ಸಂತೆ ಕೂಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಕಟ್ಟಡದ ಕೆಲಸ ಆರಂಭವಾಗಿ, ಹಂತ ಹಂತವಾಗಿ ಬೆಳೆದು, 1925ರ ವೇಳೆಗೆ ಈಗಿನ ರೂಪಕ್ಕೆ ಬಂತು. ದೊಡ್ಡ ದೇವರಾಜ ಒಡೆಯರ ಹೆಸರನ್ನು ಇದಕ್ಕೆ ಇಟ್ಟರು. ಒಳಗೆ ಸುಮಾರು 800 ಮಳಿಗೆಗಳು. ಉದ್ದಕ್ಕೆ ಸಾಲುಗಳು, ಸಾಲುಗಳ ನಡುವೆ ಓಣಿಗಳು, ಓಣಿಗಳ ಮೇಲೆ ಒಂದು ಕಡೆ ಆಕಾಶ, ಒಂದು ಕಡೆ ತಗಡು, ಒಂದು ಕಡೆ ನೀಲಿ ಟಾರ್ಪಾಲು. ಬೆಳಗಿನ ಹೊತ್ತು ಆ ಟಾರ್ಪಾಲಿನ ಸಂದಿಯಿಂದ ಬಿಸಿಲು ಕುಂಕುಮದ ಗುಡ್ಡೆಯ ಮೇಲೆ ಬೀಳುತ್ತದೆ. ಪರದೇಶದವರು ಅದರ ಫೋಟೋ ತೆಗೆಯಲು ನೆಲದ ಮೇಲೆ ಮಂಡಿಯೂರಿ ಕುಳಿತಿರುತ್ತಾರೆ. ನಮ್ಮವರು ಅವರನ್ನು ದಾಟಿಕೊಂಡು ಕೊತ್ತಂಬರಿ ಸೊಪ್ಪಿನ ಕಡೆಗೆ ಹೋಗುತ್ತಾರೆ.

ಈ ಕಟ್ಟಡದಲ್ಲಿ ಸುತ್ತಲ ಸೀಮೆಯೆಲ್ಲ ಬಂದು ಕುಳಿತಿದೆ. ಶ್ರೀರಂಗಪಟ್ಟಣದ ಕಡೆಯ ಮಲ್ಲಿಗೆ, ನಂಜನಗೂಡು ರಸ್ತೆಯ ತೋಟಗಳ ವೀಳ್ಯದೆಲೆ, ಕೊಡಗಿನ ಕಿತ್ತಳೆ, ಕೋಟೆ ಕಡೆಯ ಗೆಣಸು. ಅರಮನೆಯ ಕಂಬ ಗ್ಲಾಸ್ಗೋದಿಂದ ಬಂತೆಂದು ಹೆಮ್ಮೆಯಿಂದ ಹೇಳುವ ನಾವು, ಈ ಎಲೆ ಎಲ್ಲಿಂದ ಬಂತೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಕೇಳಿದರೆ ಹೇಳುವವರಿದ್ದಾರೆ. ವೀಳ್ಯದೆಲೆಯವರನ್ನು ಮಾತಿಗೆಳೆದರೆ, ಮೈಸೂರು ಎಲೆ ಏಕೆ ಮೃದು, ಬೇರೆ ಕಡೆಯ ಎಲೆ ಏಕೆ ನಾಲಗೆಗೆ ಖಾರ ಎಂಬ ವಿಷಯದಲ್ಲಿ ನಮ್ಮ ಸಸ್ಯಶಾಸ್ತ್ರದ ತರಗತಿಗಿಂತ ದೀರ್ಘವಾದ ಉಪನ್ಯಾಸವೇ ದೊರೆಯುತ್ತದೆ. ಬಾಳೆಹಣ್ಣಿನವರು ರಸಬಾಳೆಯ ಕಥೆ ಹೇಳುತ್ತಾರೆ. ಪನಾಮಾ ಸೊರಗುರೋಗ ಬಡಿದು ತೋಟಗಳು ಹಾಳಾದ ಮೇಲೆ ಅಸಲು ಹಣ್ಣು ಅಪರೂಪವಾಯಿತು, ಹೆಸರು ಮಾತ್ರ ಅಗ್ಗವಾಗಿ ಉಳಿಯಿತು. ಆದ್ದರಿಂದ ರಸಬಾಳೆಯೆಂದು ಯಾರಾದರೂ ಕೂಗಿ ಕರೆದು ಕೊಟ್ಟರೆ ಅನುಮಾನಿಸುವುದು ಲೇಸು. ಅಸಲು ಹಣ್ಣು ಉಳ್ಳವನು ಕೂಗುವುದಿಲ್ಲ.

ಕೊಳ್ಳುವ ರೀತಿಯ ವಿಷಯದಲ್ಲಿ ಎರಡು ಮಾತು. ಹೂವನ್ನು ಇಲ್ಲಿ ಮೊಳದಿಂದ ಅಳೆಯುತ್ತಾರೆ, ಹೆಚ್ಚು ಕೊಂಡರೆ ಮಾರಿನಿಂದ. ಮೊಳವೆಂದರೆ ಮಾರುವವರ ಮೊಳಕೈಯಿಂದ ಬೆರಳ ತುದಿಯವರೆಗೆ, ಕೊಳ್ಳುವವರದಲ್ಲ. ಈ ಅಳತೆ ಅವೈಜ್ಞಾನಿಕವೆಂದು ನಗುವವರುಂಟು. ಆದರೆ ಮೊಳ ಮುಗಿದ ಮೇಲೆ ನಾಲ್ಕು ಬೆರಳಷ್ಟು ಹೂ ಸೇರಿಸಿ ಕತ್ತರಿಸುವ ಪದ್ಧತಿಯೂ ಇದೆ. ಅದಕ್ಕೆ ಕೊಸರು ಎನ್ನುತ್ತಾರೆ. ಕೇಳಿ ಪಡೆಯುವ ಕೊಸರಿಗಿಂತ ಕೇಳದೆ ಬಂದ ಕೊಸರು ಹೆಚ್ಚು. ಪರಿಚಯವಾದಷ್ಟೂ ಅದು ಬೆಳೆಯುತ್ತದೆ. ಗಾಜಿನ ಬಾಗಿಲಿನ ಅಂಗಡಿಗಳಲ್ಲಿ 'ಒಂದು ಕೊಂಡರೆ ಒಂದು ಉಚಿತ' ಎಂದು ಹಲಗೆ ತೂಗುಹಾಕಿರುತ್ತಾರೆ, ಆದರೆ ಅಲ್ಲಿ ಕೊಸರು ಸಿಕ್ಕುವುದಿಲ್ಲ. ಎರಡಕ್ಕೂ ಇರುವ ಅಂತರವನ್ನು ಅರ್ಥಶಾಸ್ತ್ರದ ನಮ್ಮ ಅಧ್ಯಾಪಕರು ಯಾವಾಗಲಾದರೂ ವಿವರಿಸಿದರೆ ಉಪಕಾರವಾದೀತು.

ಇನ್ನು ಚೌಕಾಸಿ. ಮಾಡಬಾರದೆಂದಲ್ಲ, ಮಾಡದಿದ್ದರೆ ಮಾರುವವರಿಗೇ ಬೇಸರ. ಆದರೆ ಬೆಳಗಿನ ಬೋಣಿಯ ಹೊತ್ತಿನಲ್ಲಿ ಹತ್ತು ಕಡೆ ದರ ಕೇಳಿ, ಕೈಯಾಡಿಸಿ, ಕೊಳ್ಳದೆ ಎದ್ದುಹೋಗಬಾರದು. ಮೊದಲ ವ್ಯಾಪಾರ ಮುರಿದರೆ ದಿನವೆಲ್ಲ ಹಾಗೆಯೇ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲಿಗೆಯ ಬೆಲೆ ಏರಿದ್ದಕ್ಕೆ ಹೂವಿನವಳನ್ನು ಬೈಯಬಾರದು, ಅವಳಿಗೂ ಅಂದು ದುಬಾರಿಯಾಗಿಯೇ ಬಂದಿರುತ್ತದೆ. ಅರಸು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಎರಡು ಸಾವಿರದ ಚೀಟಿ ನೋಡಿ ತುಟಿಪಿಟಕ್ಕೆನ್ನದೆ ಹಣ ತೆತ್ತ ಮಹನೀಯರು, ಐದು ನಿಮಿಷದ ನಂತರ ಇಲ್ಲಿ ಬಂದು ಇಪ್ಪತ್ತು ರೂಪಾಯಿಯ ಹೂವಿಗೆ ಐದು ರೂಪಾಯಿ ಬಿಡಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಬಹಳ ಸಲ ನೋಡಲು ಕಾರಣವುಂಟು. ಅದನ್ನು ಮುಚ್ಚಿಟ್ಟುಕೊಂಡು ಅಭಿಪ್ರಾಯ ಹೇಳುವುದು ನ್ಯಾಯವಲ್ಲ. ನಮ್ಮ ತಾಯಿಯವರು ಈ ಮಾರ್ಕೆಟ್ಟಿನ ಬಾಗಿಲ ಪಕ್ಕದಲ್ಲಿ ಬುಟ್ಟಿಯಿಟ್ಟುಕೊಂಡು ಹೂ ಮಾರುತ್ತಾರೆ. ಅವರ ತಾಯಿಯೂ ಮಾರುತ್ತಿದ್ದರು. ನನ್ನ ಪುಸ್ತಕಗಳೂ ಪರೀಕ್ಷೆಯ ಫೀಜೂ ಆ ಬುಟ್ಟಿಯಿಂದ ಎದ್ದವು. ನಮ್ಮ ತಾಯಿಯ ಕೈ ಗಿಡ್ಡ. ಗಿರಾಕಿಗೆ ಮೋಸವಾಗಬಾರದೆಂದು ಅವರು ಮೊಳಕ್ಕೆ ನಾಲ್ಕು ಬೆರಳಿನ ಬದಲು ಆರು ಬೆರಳು ಬಿಡುತ್ತಾರೆ. ಆದುದರಿಂದ ಮುಂದಿನ ಮಾತುಗಳನ್ನು ಪಕ್ಷಪಾತದ ಮಾತುಗಳೆಂದೇ ವಾಚಕರು ತಿಳಿದು ಓದಬಹುದು. ಪಕ್ಷಪಾತವಿದ್ದ ಮಾತ್ರಕ್ಕೆ ಮಾತು ಸುಳ್ಳಾಗಬೇಕಾಗಿಲ್ಲ.

ಈ ಮಾರ್ಕೆಟ್ಟನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂಬ ವಾದ ಬಹಳ ಕಾಲದಿಂದ ನಡೆದಿದೆ. ವಾದಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರ್ಕೆಟ್ಟಿನ ಉತ್ತರದ ಭಾಗ, ಧನ್ವಂತರಿ ರಸ್ತೆಯ ಕಡೆಯದು, ದುರಸ್ತಿಯ ಕೆಲಸ ನಡೆದಿದ್ದಾಗಲೇ ಕೆಳಗೆ ಬಂತು. ಅನಂತರ ತಜ್ಞರು ಎರಡು ಪಕ್ಷವಾದರು. ಕಟ್ಟಡ ಬಾಳುವುದಿಲ್ಲ, ಕೆಡವಿ ಅದೇ ಮಾದರಿಯಲ್ಲಿ ಕಟ್ಟೋಣವೆಂದು ಒಂದು ಪಕ್ಷ. ದುರಸ್ತಿ ಸಾಧ್ಯ, ಉಳಿಸೋಣವೆಂದು ಇಂಟಾಕ್ ಮೊದಲಾದವರ ಪಕ್ಷ. ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. ಕೆಡವುವುದನ್ನು ತಡೆಯಬೇಕೆಂಬ ಅರ್ಜಿಗಳನ್ನು 2023ರಲ್ಲಿ ಹೈಕೋರ್ಟು ಮನ್ನಿಸಲಿಲ್ಲ.

ನ್ಯಾಯಾಲಯದ ಮಾತಿಗೆ ಎದುರಾಡುವಷ್ಟು ದೊಡ್ಡವಳು ನಾನಲ್ಲ. ಕೆಡವಬಹುದು ಎಂಬುದಕ್ಕೂ ಕೆಡವಲೇಬೇಕು ಎಂಬುದಕ್ಕೂ ಅಂತರವಿದೆ ಎಂಬಷ್ಟು ಮಾತ್ರ ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಕಲಿತಿದ್ದೇನೆ. ಕೆಡವಬೇಕೆನ್ನುವವರಲ್ಲಿ ಕೆಲವರು ನಮ್ಮ ಸಹಪಾಠಿಗಳೇ. ಅವರು ಹೇಳುವುದೇನೆಂದರೆ, ಹೊಸ ಕಟ್ಟಡವಾದರೆ ಶುಚಿಯಾಗಿರುತ್ತದೆ, ವಾಹನ ನಿಲ್ಲಿಸಲು ಜಾಗವಾಗುತ್ತದೆ, ತಲೆಯ ಮೇಲೆ ಬೀಳುವ ಭಯವಿರುವುದಿಲ್ಲ. ಮುಖವನ್ನು ಹಳೆಯದರಂತೆಯೇ ಕಟ್ಟಿದರೆ ನೋಡುವವರಿಗೂ ನಷ್ಟವಿಲ್ಲ.

ನೋಡುವವರಿಗೆ ನಷ್ಟವಿಲ್ಲದೆ ಇರಬಹುದು. ಆದರೆ ಈ ಮಾರ್ಕೆಟ್ಟು ಬಾಳಿರುವುದು ಅದರ ಮುಖದಿಂದಲ್ಲ. ಬೀದಿಯಿಂದ ಒಂದೆರಡು ಮೆಟ್ಟಿಲಿನಲ್ಲಿ ಒಳಕ್ಕೆ ಕಾಲಿಡಬಹುದು, ತಲೆಹೊರೆಯವನು ಎಲ್ಲಿಯೂ ಹತ್ತದೆ ಇಳಿಯದೆ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗಬಹುದು, ಬಾಗಿಲುಗಳ ಬಳಿ, ಕಂಬಗಳ ಬುಡದಲ್ಲಿ, ಮಳಿಗೆಯಿಲ್ಲದವರೂ ಒಂದು ಗೋಣಿಚೀಲ ಹಾಸಿಕೊಂಡು ಕೂರಬಹುದು. ಬದುಕಿರುವುದು ಇದರಿಂದ. ಮಳಿಗೆಯಿದ್ದವರ ಹೆಸರು ಪಟ್ಟಿಯಲ್ಲಿರುತ್ತದೆ. ಹೊಸ ಕಟ್ಟಡದಲ್ಲಿ ಅವರಿಗೆ ಮಳಿಗೆ ಕೊಡಬೇಕೆಂಬ ಮಾತೂ ಬರುತ್ತದೆ. ಗೋಣಿಚೀಲದವರ ಹೆಸರು ಯಾವ ಪಟ್ಟಿಯಲ್ಲಿದೆ? ನಿಂಬೆಹಣ್ಣಿನ ಐದು ಗುಡ್ಡೆ ಇಟ್ಟುಕೊಂಡು ಕೂತ ಮುದುಕಿಗೆ ಯಾವ ನಂಬರಿನ ಮಳಿಗೆ ಸಿಕ್ಕೀತು? ಸಿಕ್ಕರೂ ಅದು ಎರಡನೆಯ ಮಹಡಿಯಲ್ಲಿದ್ದರೆ ನಿಂಬೆಹಣ್ಣಿಗಾಗಿ ಮಹಡಿ ಹತ್ತುವವರು ಯಾರು?

ಇನ್ನು ದುರಸ್ತಿಯ ವಿಚಾರ. ಇಟ್ಟಿಗೆ ಗಾರೆಯ ಕೆಲಸ ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. ಅರಮನೆಗೂ ಮಾರ್ಕೆಟ್ಟಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ. ಒಂದಕ್ಕೆ ಕಾಲಕಾಲಕ್ಕೆ ಬಣ್ಣ, ದೀಪ, ಕಾವಲು. ಇನ್ನೊಂದರ ಗೋಡೆಯಲ್ಲಿ ಅರಳೀಗಿಡ ಬೇರುಬಿಟ್ಟರೂ ಕೀಳುವವರಿಲ್ಲ. ಮೊದಲು ಗಿಡ ಬೆಳೆಯಲು ಬಿಟ್ಟು, ಆಮೇಲೆ ಗೋಡೆ ಬಿರುಕುಬಿಟ್ಟಿದೆಯೆಂದು ವರದಿ ಬರೆಯುವುದು ಸುಲಭ. ಹಾಗೆಂದು, ಇರುವ ಹಾಗೆಯೇ ಇರಲಿ, ಬಿದ್ದಾಗ ನೋಡೋಣ ಎನ್ನುವ ಪಕ್ಷದಲ್ಲಿ ನಾನಿಲ್ಲ. ಮಳೆಗಾಲದ ರಾತ್ರಿ ಗೋಡೆ ಬಿದ್ದ ಶಬ್ದವೆಂದು ಬೆಚ್ಚಿ ಏಳುವ ಮನೆಯಲ್ಲಿ ಬೆಳೆದವರು ಹಾಗೆ ಹೇಳಲಾರರು. ಅಪಾಯವಿರುವುದು ಕೆಡವುವುದರಲ್ಲಿ ಮಾತ್ರವಲ್ಲ, ಉಳಿಸುವುದರಲ್ಲಿ ಮಾತ್ರವೂ ಅಲ್ಲ, ಎರಡನ್ನೂ ಮಾಡದೆ ವರ್ಷ ಕಳೆಯುವುದರಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡ ಕುಸಿದ ಮೇಲೆ ಅಲ್ಲಿದ್ದ ಹಳೆಯ ಪುಸ್ತಕದಂಗಡಿಗಳವರು ಚದುರಿಹೋದರು. 2022 ಕಳೆದರೂ ಕಟ್ಟಡ ಎದ್ದೂ ಇರಲಿಲ್ಲ, ಬಿದ್ದೂ ಇರಲಿಲ್ಲ. ಹತ್ತು ವರ್ಷವೆಂದರೆ ಒಬ್ಬ ಪುಸ್ತಕದಂಗಡಿಯವನ ಗಿರಾಕಿಗಳೆಲ್ಲ ಓದು ಮುಗಿಸಿ ಊರು ಬಿಟ್ಟಿರುತ್ತಾರೆ. ಮಾರ್ಕೆಟ್ಟನ್ನು ಒಂದೊಂದು ಸಾಲಾಗಿ ಖಾಲಿ ಮಾಡಿಸಿ, ಆ ಸಾಲಿನವರಿಗೆ ಹತ್ತಿರದಲ್ಲಿಯೇ ತಾತ್ಕಾಲಿಕವಾಗಿ ಜಾಗ ಕೊಟ್ಟು, ದುರಸ್ತಿ ಮುಗಿಸಿ, ಅನಂತರ ಮುಂದಿನ ಸಾಲಿಗೆ ಕೈಹಾಕಬೇಕು. ಜೊತೆಗೆ ಚರಂಡಿ, ನೀರು, ತಂತಿಗಳು ಜೋತಾಡದ ವಿದ್ಯುತ್ತು, ಮಾರುವ ಹೆಂಗಸರಿಗೆ ಒಂದು ಯೋಗ್ಯವಾದ ಶೌಚಗೃಹ. ಗೋಣಿಚೀಲದವರ ಹೆಸರನ್ನೂ ಬರೆದುಕೊಳ್ಳಬೇಕು. ಇಷ್ಟನ್ನು ಕೇಳುವುದಕ್ಕೆ ಪುರಾತನ ವಸ್ತುಗಳ ಮೋಹ ಬೇಕಾಗಿಲ್ಲ.

ಕೇಳುವವರು ಯಾರು ಎಂದರೆ, ಗಿರಾಕಿಗಳು. ಗಿರಾಕಿಯಿಲ್ಲದ ಮಾರ್ಕೆಟ್ಟನ್ನು ಉಳಿಸಲು ಯಾವ ಸರ್ಕಾರಕ್ಕೂ ಮನಸ್ಸು ಬರುವುದಿಲ್ಲ. ನಮ್ಮ ಹಾಸ್ಟೆಲಿನ ಮಿತ್ರರು ಎರಡು ಬಾಳೆಹಣ್ಣನ್ನು ಮೊಬೈಲಿನಲ್ಲಿ ತರಿಸಿಕೊಂಡು ತಿನ್ನುವುದನ್ನು ಕಂಡಾಗ ನನಗೆ ಈ ಯೋಚನೆ ಬರುತ್ತದೆ. ಮಾರ್ಕೆಟ್ಟಿನಲ್ಲಿಯೂ ಈಗ ಫೋನ್‌ಪೇ ಚೀಟಿ ತೂಗುತ್ತಿದೆ. ಚಿಲ್ಲರೆಯಿಲ್ಲ ಎಂಬ ನೆವ ನಡೆಯುವುದಿಲ್ಲ.

ಮಾರ್ಕೆಟ್ಟಿನ ಬಳಿ ನೆಂಟರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. 'ಇವತ್ತೊಂದೇ ದಿವಸ ವಿಶೇಷ ಸಂತೆ, ಅಗರಬತ್ತಿ ಮಾಡೋದು ತೋರಿಸ್ತೀವಿ, ಗಂಧದೆಣ್ಣೆ ಫ್ಯಾಕ್ಟರಿ ರೇಟು' ಎಂದು ಸ್ನೇಹದಿಂದ ಮಾತನಾಡಿಸುವವರು ಸಿಕ್ಕುತ್ತಾರೆ. ಆ ವಿಶೇಷ ಸಂತೆ ವರ್ಷದ 365 ದಿನವೂ ಇರುತ್ತದೆ. ಕಳೆದ ವರ್ಷ ನಮ್ಮ ಸೋದರತ್ತೆಯವರು ಹೀಗೆ ಒಂದು ಓಣಿಯ ಅಂಗಡಿಗೆ ಹೋಗಿ, ಬೆರಳುದ್ದದ ಸೀಸೆಗೆ ಎಂಟುನೂರು ರೂಪಾಯಿ ಕೊಟ್ಟು ಬಂದರು. ಮನೆಯಲ್ಲಿ ಮುಚ್ಚಳ ತೆಗೆದರೆ ಸೀಮೆಎಣ್ಣೆಯ ಅಣ್ಣನಂಥ ವಾಸನೆ. ಗಂಧದ ಸಾಮಾನು ಬೇಕಿದ್ದವರು ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕಾವೇರಿ ಎಂಪೋರಿಯಮ್ಮಿಗೆ ಹೋಗುವುದು ಕ್ಷೇಮ. ಬೆಲೆ ಕಡಿಮೆಯಲ್ಲ, ಆದರೆ ಗಂಧ ಗಂಧವೇ ಆಗಿರುತ್ತದೆ. ಬೀಟೆಮರದಲ್ಲಿ ಕೂಡಿಸಿದ ಚಿತ್ತಾರದ ಕೆಲಸವನ್ನೂ ಅಲ್ಲಿ ನೋಡಬಹುದು. ಹಿಂದೆ ದಂತ ಕೂಡಿಸುತ್ತಿದ್ದರು. ಅದು ನಿಷಿದ್ಧವಾದ ಮೇಲೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸುತ್ತಾರೆ. ಆನೆಗಳ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು.

ರೇಷ್ಮೆಸೀರೆಯ ವಿಷಯ ಬೇರೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಆರಂಭಿಸಿದ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿದೆ. ಮಾರಾಟ ಮಳಿಗೆಯೂ ಅಲ್ಲಿಯೇ. ಅಸಲು ಸೀರೆಯಲ್ಲಿ ಅದರದೇ ಆದ ಸಂಖ್ಯೆಯನ್ನು ನೇಯ್ದಿರುತ್ತಾರೆ. ಕೊಳ್ಳುವವರು ಅದನ್ನು ನೋಡಿ ಕೊಳ್ಳಬೇಕು. ನಮ್ಮಂಥವರ ಮನೆಗಳಲ್ಲಿ ಅದು ಮದುವೆಗೆ ಒಂದು, ಅದೂ ಸಾಲ ಹುಟ್ಟಿದರೆ. ಆದರೂ ನೆಂಟರನ್ನು ಕರೆದೊಯ್ದು, ಮುಟ್ಟಿ ನೋಡಿಸಿ, 'ಮುಂದಿನ ಸಲ' ಎಂದು ಹೇಳಿ ಕರೆತರುವುದರಲ್ಲಿ ಯಾವ ಅವಮಾನವೂ ಇಲ್ಲ.

ದುಡ್ಡಿಲ್ಲದವರಿಗೆ ಬಸ್‌ಸ್ಟ್ಯಾಂಡಿನ ಬಳಿಯ ಮನ್ನಾರ್ಸ್ ಮಾರ್ಕೆಟ್ಟು ಇದೆ: ಚೀಲ, ಚಪ್ಪಲಿ, ಬಳೆ, ಕ್ಲಿಪ್ಪು. ಪಾತ್ರೆಗೆ ಶಿವರಾಂಪೇಟೆ, ಸಗಟು ದಿನಸಿಗೆ ಸಂತೆಪೇಟೆ, ಚಿನ್ನ ಬೆಳ್ಳಿಗೆ ಅಶೋಕ ರಸ್ತೆ. ಅರಸು ರಸ್ತೆಯ ಅಂಗಡಿಗಳು ಬೆಂಗಳೂರಿನಲ್ಲಿಯೂ ಇವೆ, ಹುಬ್ಬಳ್ಳಿಯಲ್ಲಿಯೂ ಇವೆ. ಅವನ್ನು ತೋರಿಸಲು ನೆಂಟರನ್ನು ಇಷ್ಟು ದೂರ ಕರೆಸಬೇಕಾಗಿರಲಿಲ್ಲ. ಮೈಸೂರು ಪಾಕು ಮಾತ್ರ ಮರೆಯಬಾರದು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂದು ಪ್ರತೀತಿ. ಅವರ ವಂಶದವರ ಗುರು ಸ್ವೀಟ್ ಮಾರ್ಟ್ ಮಾರ್ಕೆಟ್ಟಿಗೆ ಅಂಟಿಕೊಂಡಂತೆಯೇ ಇದೆ. ಅರಮನೆಯ ಅಡುಗೆಮನೆಯಿಂದ ಹೊರಟ ತಿಂಡಿ ಮಾರ್ಕೆಟ್ಟಿನ ಮೂಲೆಗೆ ಬಂದು ನಿಂತಿತು. ಅಲ್ಲಿ ನಿಂತದ್ದರಿಂದಲೇ ನಮಗೂ ಸಿಕ್ಕಿತು.

ಸಂಜೆ ಬೃಂದಾವನಕ್ಕೆ ಹೋಗುವ ಬದಲು ಬೆಟ್ಟಕ್ಕೆ ಹೋಗಿ, ಸಾಧ್ಯವಾದರೆ ಮೆಟ್ಟಿಲಿನ ಮೇಲೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು. ನಡುದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯಿದೆ. ಅದನ್ನು ಮಾಡಿಸಿದವರೂ ದೊಡ್ಡ ದೇವರಾಜ ಒಡೆಯರೇ, 1659ರಿಂದ 1673ರವರೆಗೆ ಆಳಿದವರು. ನಂದಿಗೆ ಎಣ್ಣೆ ತಿಕ್ಕಿ ತಿಕ್ಕಿ ಹಿಂದೆ ಕಪ್ಪಾಗಿ ಮಿರುಗುತ್ತಿತ್ತು. ಅವರ ಹೆಸರಿನ ಮಾರ್ಕೆಟ್ಟು ಕೆಳಗೆ ಊರಿನ ನಡುವೆ ಸುಣ್ಣ ಕಾಣದೆ ನಿಂತಿದೆ. ನಂದಿಯ ಬಳಿ ಕುಳಿತು ದಣಿವಾರಿಸಿಕೊಳ್ಳುವಾಗ ಈ ಮಾತನ್ನು ನೆಂಟರಿಗೆ ಹೇಳಬಹುದು. ಹಿಂದೆ ಜಂಬೂಸವಾರಿಯ ದಿನ ಜನ ಆ ಮಾರ್ಕೆಟ್ಟಿನ ಮಾಳಿಗೆಯ ಮೇಲೆ ಕುಳಿತು ಅಂಬಾರಿಯನ್ನು ನೋಡುತ್ತಿದ್ದರು. ಕಟ್ಟಡ ಶಿಥಿಲವಾಯಿತೆಂದು ಪೊಲೀಸಿನವರು ಹತ್ತಗೊಡದಂತಾಯಿತು. ಮೆರವಣಿಗೆ ಈಗಲೂ ಸಯ್ಯಾಜಿರಾವ್ ರಸ್ತೆಯಲ್ಲಿ ಅದರ ಮುಂದೆಯೇ ಹೋಗುತ್ತದೆ.

ಊರಿಗೆ ಹೊರಡುವ ದಿನ ನೆಂಟರು ಮಲ್ಲಿಗೆ ಬೇಕೆಂದೇ ಬೇಕೆನ್ನುತ್ತಾರೆ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿಸಬೇಡಿ, ಮಂಡ್ಯ ದಾಟುವುದರೊಳಗೆ ಬೆಂದುಹೋಗುತ್ತದೆ. ಅರಳಿದ ಹೂ ಬೇಡ, ಮೊಗ್ಗಿನದೇ ಕೇಳಿ. ಬಾಳೆಲೆಯಲ್ಲಿ ಸುತ್ತಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಬಾಳೆನಾರಿನಿಂದ ಕಟ್ಟಿಕೊಡಲು ಹೇಳಿ. ದಾವಣಗೆರೆಯವರೆಗೂ ಬಾಡುವುದಿಲ್ಲ. ಎಲೆಗೆ ಬೇರೆ ಕಾಸು ಕೇಳುವುದಿಲ್ಲ.